ಸವೆಸುವ ಮನೆ

ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಲು ಹೋಗಿ ನೆಲದ ಮೇಲೆ ಕೂತಳು. ಕುರ್ಚಿ ಇರಲಿಲ್ಲ. ಹಿಂದಿನ ಸಂಜೆ ಇತ್ತು. ಅದರಲ್ಲೇ ಕೂತು ಅವಳು ತಲೆ ಬಾಚಿಕೊಂಡಿದ್ದಳು. ಅವಳು ಸ್ನಾನಕ್ಕೆ ಹೋದಾಗ ಯಾರೋ ಬಂದು ಅದನ್ನು ಗಾಡಿಗೇರಿಸಿಕೊಂಡು ಹೋಗಿದ್ದರು. ಲೋಟದಿಂದ ಒಂದು ಹನಿಯೂ ಚೆಲ್ಲಲಿಲ್ಲ ಎಂಬುದನ್ನು ಅತ್ತೆ ತಿಂಗಳುಗಟ್ಟಲೆ ಹೇಳಿಕೊಂಡು ನಕ್ಕರು. “ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ನಮ್ಮ ಸೊಸೆ ಅದು. ಮೀಸೆ ಒಂದು ಇಲ್ಲ ಅಷ್ಟೇ.”

ಆ ಮನೆಯ ಕಸುಬೇ ಹಾಗೆ. ಮುಂದೆ ಮರಗೆಲಸದ ಕೋಣೆ, ಹಿಂದೆ ಮನೆ, ನಡುವೆ ಬಾಗಿಲಿಲ್ಲದ ಒಂದು ಕಮಾನು. ಮಾವ ಹಳೆಯ ಕಾಲದ ಮಾದರಿಯ ಮೇಜು, ಕುರ್ಚಿ, ಕಪಾಟು ಮಾಡುತ್ತಿದ್ದರು. ಕೆಡವಿದ ಮನೆಗಳ ಬಾಗಿಲು, ತೊಲೆಗಳಿಂದ ಹಲಗೆ ತೆಗೆದು, ಕೈಗರಗಸದಲ್ಲೇ ಕೊಯ್ದು, ಅಂಟನ್ನೂ ತಾವೇ ಕುದಿಸಿ ಮಾಡುವರು. ಆದರೆ ಮಾಡಿ ಮುಗಿದ ಮೇಲೆ ಅದನ್ನು ಅಂಗಡಿಗೆ ಕಳಿಸುತ್ತಿರಲಿಲ್ಲ. ಕಮಾನು ದಾಟಿಸಿ ಮನೆಯೊಳಗೆ ತಂದು ಇಡುವರು. ಅಲ್ಲಿಂದ ಮುಂದಿನ ಕೆಲಸ ಮನೆಯವರದು. ಅದರ ಮೇಲೆ ಉಣ್ಣಬೇಕು, ಒರಗಬೇಕು, ತರಕಾರಿ ಹೆಚ್ಚಬೇಕು, ಮೊಣಕೈ ಊರಿ ಜಗಳವಾಡಬೇಕು. ವರ್ಷಗಳು ಹೀಗೆ ಕಳೆದು, ಅಂಚುಗಳ ಚೂಪು ಹೋಗಿ, ಕೈ ತಾಗುವಲ್ಲಿ ಮರ ಬೆಣ್ಣೆಯ ಹಾಗೆ ನುಣುಪಾದ ಮೇಲೆ ಅದು ಗಾಡಿ ಏರುತ್ತಿತ್ತು. ಪೀಠೋಪಕರಣಗಳು ಆ ಮನೆಗೆ ನೆಂಟರ ಹಾಗೆ ಬಂದು, ಮಕ್ಕಳ ಹಾಗೆ ಬೆಳೆದು, ಹೆಣ್ಣುಮಕ್ಕಳ ಹಾಗೆ ಹೊರಟುಹೋಗುತ್ತಿದ್ದವು.

“ಬೇರೆಯವರು ಸರಪಳಿ ತಗೊಂಡು ಹೊಡೀತಾರೆ,” ಮಾವ ಸೊಸೆಗೆ ವಿವರಿಸಿದ್ದರು. “ಚಹಾ ಡಿಕಾಕ್ಷನ್ ಬಳೀತಾರೆ. ಸೂಜಿಯಲ್ಲಿ ಚುಚ್ಚಿ ಹುಳ ತಿಂದಿದೆ ಅಂತಾರೆ. ಹುಳ ಯಾವತ್ತಾದ್ರೂ ನೆಟ್ಟಗೆ ಕೊರೆದಿದ್ದು ನೋಡಿದ್ದೀಯಾ? ಅದು ಕುಡುಕನ ಹಾಗೆ ಹೋಗುತ್ತಮ್ಮ. ನನ್ನ ಸಾಮಾನಿಗೆ ಗಾಯ ಮಾಡಿಲ್ಲ ನಾನು. ಅದು ಬದುಕಿದೆ, ಅಷ್ಟೇ.”

“ಆದ್ರೆ ಅಂಗಡಿಯವರು ಹಳೇದು ಅಂತ ತಾನೇ ಮಾರೋದು, ಮಾವ?”

“ಹಳೇದಾ ಅಂತ ನನ್ನ ಯಾರೂ ಕೇಳಿಲ್ಲ. ಹಳೇದು ಅಂತ ನಾನು ಯಾರಿಗೂ ಹೇಳಿಲ್ಲ.”

ಕೇಳದೆ ಕೊಳ್ಳುತ್ತಿದ್ದವನು ಪೇಟೆಯ ಹಳೆ ಸಾಮಾನಿನ ಅಂಗಡಿಯವನು. ಯಾವ ಕುರ್ಚಿಯಲ್ಲಿ ಕೂತರೂ “ಉಸ್ಸಪ್ಪಾ” ಎನ್ನುತ್ತಿದ್ದುದರಿಂದ ಮನೆಯಲ್ಲಿ ಅವನಿಗೆ ಉಸ್ಸಪ್ಪ ಎಂದೇ ಹೆಸರು. ಸೊಸೆ ತವರಿಗೆಂದು ಹೋಗಿ ಮರಳಿದಾಗ ಅವಳ ಮದುವೆಯ ಮಂಚವನ್ನೂ ಉಸ್ಸಪ್ಪ ಒಯ್ದಿದ್ದ. ಅಂದಿನಿಂದ ಗಂಡ ಹೆಂಡತಿ ಮರಗೆಲಸದ ಕೋಣೆಯ ಮೂಲೆಯಲ್ಲಿ, ಎರಡು ಕಪಾಟುಗಳ ನಡುವೆ ಹಾಸಿಗೆ ಹಾಸಿಕೊಂಡು ಮಲಗುತ್ತಿದ್ದರು. ಬೆಳಿಗ್ಗೆ ಎದ್ದರೆ ಕೂದಲಲ್ಲಿ ಮರದ ಹೊಟ್ಟು. ಮಾಳಿಗೆಯ ಮೇಲೆ ಒಂದು ಕೋಣೆ ಇತ್ತು, ಆದರೆ ಅದರ ಚಾವಣಿ ಸೋರುತ್ತಿತ್ತು.

“ಚಾವಣಿ ಸರಿಮಾಡಿಸಿದ್ರೆ ಆ ಕೋಣೆ ನಮ್ದೇ,” ಎಂದು ಗಂಡ ಆಗಾಗ ಹೇಳುವನು. ಅವನ ಕೆಲಸ ಬಣ್ಣ, ಮೇಣ, ಮೆರುಗು. ಬೆರಳುಗಳು ಯಾವಾಗಲೂ ಕಂದು.

“ಮಂಚ?”

“ಮಂಚಾನೂ.”

“ಮಾರದೇ ಇರೋ ಮಂಚ.”

“ನೀನು ಅದರ ಮೇಲಿಂದ ಏಳಲೇಬೇಡ, ಹೇಗೆ ಮಾರ್ತಾರೆ ನೋಡೋಣ.”

ಅವಳಿಗೆ ಅದೊಂದೇ ಆಸೆ. ಒಂದು ಬಾಗಿಲು, ಒಂದು ಮಂಚ, ನಾಳೆಯೂ ಅಲ್ಲೇ ಇರುವಂಥದ್ದು.

*

ಮನೆಯ ನಡುವೆ ಒಂದು ದುಂಡು ಮೇಜಿತ್ತು. ನಾದಿನಿ ಪುಟ್ಟ ಹುಡುಗಿಯಾಗಿದ್ದಾಗ ಮಾಡಿದ್ದು. ಈಗ ಅವಳು ಔಷಧದ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ದುಂಡು ಎನ್ನುವುದೂ ಪೂರ್ತಿ ನಿಜವಲ್ಲ. ಮರ ವಯಸ್ಸಾದಂತೆ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದಿಲ್ಲ. ಹಾಗಾಗಿ ಹಳೆಯ ದುಂಡು ಮೇಜು ಅಳೆದರೆ ಕೊಂಚ ಮೊಟ್ಟೆಯಾಕಾರ. ಮಾವ ಅದನ್ನು ಮೊದಲೇ ನೆನೆದು, ಉಗುರಿನಷ್ಟು ಅಗಲ ಕಡಿಮೆ ಮಾಡಿ ಕೊಯ್ದಿದ್ದರು. ಮೇಜಿಗೆ ಒಂದು ಡ್ರಾಯರು. ಡ್ರಾಯರಿನ ಮುಂದೆ ಅತ್ತೆಯ ಜಾಗ. ಅವರು ಅಲ್ಲಿ ಕೂತು ಬಟಾಣಿ ಸುಲಿದರು, ಗುಂಡಿ ಹೊಲಿದರು, ಮಗಳ ಹೇನು ಹೆಕ್ಕಿದರು, ಜ್ವರ ಬಂದಾಗ ತಲೆಯಿಟ್ಟು ಮಲಗಿದರು. ಮಧ್ಯಾಹ್ನ ಕಿಟಕಿಯ ಬಿಸಿಲು ಬಂದು ಮೇಜಿನ ಮೇಲೆ ಕೂತಾಗ ಅದು ಮರವೆಂದೇ ಅನಿಸುತ್ತಿರಲಿಲ್ಲ. ಜೇನು ತುಂಬಿದ ಬಟ್ಟಲಿನೊಳಗೆ ಇಣುಕಿದ ಹಾಗಿರುತ್ತಿತ್ತು. ಸೊಸೆ ತಟ್ಟೆ ಇಡುವಾಗ ಅದು ಮುಳುಗೀತೇನೋ ಎಂದು ಒಂದು ಗಳಿಗೆ ಕಾಯುವಳು.

ಒಂದು ದಿನ ಉಸ್ಸಪ್ಪ ಬಂದು ಆ ಮೇಜಿನ ಮೇಲೆ ಅಂಗೈ ಇಟ್ಟ. ಊರಾಚೆಯ ಹಳೇ ಬಂಗಲೆಯನ್ನು ಹೋಟೆಲು ಮಾಡುತ್ತಿದ್ದಾರಂತೆ. ಕೋಣೆ ಕೋಣೆಗೂ ಅಸಲಿ ಹಳೇ ಸಾಮಾನೇ ಬೇಕಂತೆ. ಮೊದಲು ಈ ಮೇಜು. ಒಪ್ಪಿಗೆಯಾದರೆ ಮನೆಯಲ್ಲಿರುವ ಉಳಿದದ್ದೆಲ್ಲ.

“ಆದ್ರೆ ಅವರ ಕಡೆಯಿಂದ ಒಬ್ಬಳು ಪರೀಕ್ಷಕಿ ಬರ್ತಾಳೆ,” ಎಂದ. “ಅಂಗಡೀಲಲ್ಲ, ಇದ್ದ ಮನೇಲೇ ನೋಡ್ಬೇಕು ಅಂತಾಳೆ. ತಿಂಗಳ ಕೊನೆಗೆ.”

“ಬರಲಿ,” ಎಂದರು ಮಾವ. “ತಲೆಕೆಳಗು ಮಾಡಿ ನೋಡಲಿ.”

ಗಂಡ ಹೆಂಡತಿಯ ಕಡೆ ನೋಡಿ ಕಣ್ಣಲ್ಲೇ ಚಾವಣಿ ತೋರಿಸಿದ.

ಉಸ್ಸಪ್ಪ ಹೋದ ಮೇಲೆ ಅತ್ತೆ ಆಲೂಗಡ್ಡೆಯ ಪಾತ್ರೆಯನ್ನು ಮೇಜಿನ ಮೇಲೆ ಇಟ್ಟರು. “ಈ ಮೇಜು ಹೋಗಲ್ಲ.”

“ಅಂದ್ರೆ?” ಮಾವ ಕೇಳಿದರು.

“ಅಂದ್ರೆ ಹೋಗಲ್ಲ. ಇದೇನು ಕಷ್ಟದ ಮಾತಾ?”

“ಎಲ್ಲಾ ಹೋಗಿದೆ, ಇದು ಯಾಕೆ ಹೋಗಲ್ಲ?”

“ಎಲ್ಲಾ ಹೋಗಿದೆಯಲ್ಲ, ಅದಕ್ಕೇ.”

ನಾದಿನಿ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತ ಹೇಳಿದಳು, “ಅಪ್ಪ, ಅಮ್ಮನ್ನ ಮಾತ್ರ ಇನ್ನೂ ಉಸ್ಸಪ್ಪ ಕೇಳಿಲ್ಲ. ಚೆನ್ನಾಗೇ ಸವೆದಿದ್ದಾಳೆ.”

“ನಿನ್ನ ನಾಲಿಗೆಗೊಂದು ಕೀಸುಳಿ ಹಾಕ್ಬೇಕು,” ಎಂದರು ಮಾವ.

ಮಾರನೆಯ ದಿನ ಮೇಜಿನ ಮೇಲೆ ದಪ್ಪ ಬಟ್ಟೆಯೊಂದು ಬಂತು. ಅತ್ತೆ ಅದನ್ನು ನೆಲ ಮುಟ್ಟುವ ಹಾಗೆ ಹಾಸಿದ್ದರು. ಮಾವ ಊಟಕ್ಕೆ ಬಂದವರು ಬಟ್ಟೆ ತೆಗೆದು ಮಡಚಿ ಕುರ್ಚಿಯ ಮೇಲಿಟ್ಟರು. ಸಂಜೆ ಮತ್ತೆ ಬಟ್ಟೆ. ಹೀಗೆ ವಾರಗಟ್ಟಲೆ ಬಟ್ಟೆ ಹತ್ತಿತು, ಇಳಿಯಿತು. ಇಬ್ಬರೂ ಮಾತು ಬಿಟ್ಟಿರಲಿಲ್ಲ, ಆದರೆ ಎಲ್ಲ ಮಾತೂ ಸೊಸೆಯ ಮೂಲಕ ಹೋಗಬೇಕಾಗಿತ್ತು.

“ನಿಮ್ಮ ಮಾವನಿಗೆ ಹೇಳು, ಉಪ್ಪು ಬೇಕಾದ್ರೆ ಕೈ ಚಾಚಿದ್ರೆ ಸಿಗುತ್ತೆ.”

“ನಿಮ್ಮ ಅತ್ತೆಗೆ ಹೇಳು, ಉಪ್ಪು ಬಟ್ಟೆ ಅಡಿಯಲ್ಲಿದೆ.”

ನಿಜವಾಗಿಯೂ ಉಪ್ಪಿನ ಬಟ್ಟಲು ಬಟ್ಟೆಯ ಅಡಿಯಲ್ಲಿ ಗುಬ್ಬಿಯ ಹಾಗೆ ಉಬ್ಬಿಕೊಂಡಿತ್ತು. ಎಲ್ಲರೂ ನಕ್ಕರು, ಅವರಿಬ್ಬರನ್ನು ಬಿಟ್ಟು.

*

ಆ ನಡುವೆ ಸೊಸೆ ಗಂಡನ ಜೊತೆ ಗಾಡಿಯಲ್ಲಿ ಉಸ್ಸಪ್ಪನ ಅಂಗಡಿಗೆ ಹೋದಳು, ಎರಡು ಕುರ್ಚಿ ತಲುಪಿಸಲು. ಅಂಗಡಿ ಒಳಗೊಳಗೆ ಉದ್ದ. ಗಂಡ ಮತ್ತು ಉಸ್ಸಪ್ಪ ಮುಂದೆ ಮಾತಾಡುತ್ತಿರಲು ಅವಳು ಹಿಂದಕ್ಕೆ ನಡೆದಳು. ಗಾಜಿನ ಮಾಡಿನಿಂದ ಬೂದು ಬೆಳಕು ಇಳಿಯುತ್ತಿತ್ತು, ಧೂಳಿನ ಕಣಗಳು ಅದರಲ್ಲಿ ಎಲ್ಲಿಗೂ ಹೋಗುವ ಆತುರವಿಲ್ಲದೆ ತೇಲುತ್ತಿದ್ದವು. ಮಾವನ ಸಾಮಾನುಗಳು ಸಾಲಾಗಿ ನಿಂತಿದ್ದವು: ಬರೆಯುವ ಮೇಜು, ಕೈಕುರ್ಚಿ, ಕನ್ನಡಿ ಮೇಜು. ಒಂದೊಂದಕ್ಕೂ ಒಂದು ಚೀಟಿ, ಒಂದೊಂದು ಚೀಟಿಯಲ್ಲಿ ಬೇರೆ ಬೇರೆ ಮನೆತನ, ಬೇರೆ ಬೇರೆ ಕಾಲ.

ಅವಳು ಬರೆಯುವ ಮೇಜಿನ ಅಂಚಿನ ಮೇಲೆ ಬೆರಳಾಡಿಸಿದಳು. ಎಡಗಡೆ ತಗ್ಗು, ಬಲಗಡೆ ಅಂಚು ಇನ್ನೂ ಚೂಪು. ಕೈಕುರ್ಚಿಯ ಎಡತೋಳು ನದಿಯ ಕಲ್ಲಿನ ಹಾಗೆ. ಬಲತೋಳು ನಿನ್ನೆ ಮೊನ್ನೆ ಮಾಡಿದ ಹಾಗೆ. ಕನ್ನಡಿ ಮೇಜಿನ ಡ್ರಾಯರಿನ ಗುಬುಟಿಗೆ ಎಡ ಮಗ್ಗುಲಲ್ಲಿ ಮೆರುಗಿಲ್ಲ. ಮುಂದಿನದೂ ಹಾಗೆ. ಅದರ ಮುಂದಿನದೂ.

ಅವಳು ನಿಂತಲ್ಲೇ ನಿಂತಳು. ಆ ಬೂದು ಬೆಳಕಿನಲ್ಲಿ ಸಾಲು ಸಾಲು ಹೆಂಗಸರು ಕೂತಿರುವಂತೆ ಕಂಡಿತು. ಒಬ್ಬಳು ಬಟಾಣಿ ಸುಲಿಯುತ್ತಿದ್ದಳು, ಒಬ್ಬಳು ಗುಂಡಿ ಹೊಲಿಯುತ್ತಿದ್ದಳು, ಒಬ್ಬಳು ಎಳೆಗೂಸನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಬೇರೆ ಬೇರೆ ವಯಸ್ಸು, ಒಂದೇ ಮುಖ. ಎಲ್ಲರೂ ಎಡಗೈಯವರು.

“ಏನು, ದೆವ್ವ ಕಂಡೋರ ಹಾಗೆ ನಿಂತಿದ್ದೀಯ?” ಗಂಡ ಬಂದು ಕೇಳಿದ.

“ನಿಮ್ಮಮ್ಮ,” ಎಂದಳು.

“ಅಮ್ಮ ಇಲ್ಲಿಗೆ ಯಾಕೆ ಬರ್ತಾಳೆ?”

ಅವಳು ಗಾಡಿಯ ಕಡೆ ನಡೆದಳು. ಗಾಡಿಯಲ್ಲಿ ಮನೆಗೆ ಬರುವಾಗ ಅವನು ಚಾವಣಿಗೆ ಯಾವ ಹೆಂಚು ಒಳ್ಳೆಯದು ಎಂದು ದಾರಿಯುದ್ದಕ್ಕೂ ಮಾತಾಡಿದ.

*

ಮಧ್ಯಾಹ್ನ ಅತ್ತೆ ಬಟ್ಟೆ ಸರಿಸಿ ಬಟಾಣಿ ಸುಲಿಯುತ್ತಿದ್ದಾಗ ಸೊಸೆ ಎದುರು ಕೂತಳು. ಅತ್ತೆಯ ಎಡ ಮುಂಗೈ ಮೇಜಿನ ಅಂಚಿನ ಮೇಲೆ, ಅದಕ್ಕೆಂದೇ ಆದ ತಗ್ಗಿನಲ್ಲಿ ಮಲಗಿತ್ತು.

“ಅತ್ತೆ, ನೀವು ಎಡಚಿ.”

“ಭಾರಿ ಕಂಡುಹಿಡಿದೆ. ಮೂಗು ಎಲ್ಲಿದೆ ಅಂತಾನೂ ಹೇಳು.”

“ಅಂಗಡಿ ತುಂಬ ನೀವೇ ಇದ್ದೀರಿ. ಬೇರೆ ಬೇರೆ ಮನೆತನದ ಚೀಟಿ, ಎಲ್ಲದಕ್ಕೂ ನಿಮ್ದೇ ಕೈ. ಯಾರಾದ್ರೂ ನಾಲ್ಕು ಸಾಮಾನು ಒಟ್ಟಿಗೆ ನೋಡಿದ್ರೆ ಗೊತ್ತಾಗಿಬಿಡುತ್ತೆ.”

ಅತ್ತೆ ಒಂದು ಬಟಾಣಿ ಬಾಯಿಗೆ ಹಾಕಿಕೊಂಡರು. “ನಿಂಗೆ ಗೊತ್ತಾಯ್ತಲ್ಲ.”

“ನಿಮಗೆ ಮೊದಲೇ ಗೊತ್ತಿತ್ತಾ?”

“ನನ್ನ ಕೈ ನಂಗೆ ಗೊತ್ತಿರಲ್ವೇನೇ?”

“ಮಾವನಿಗೆ?”

“ಅವರು ಮರ ನೋಡ್ತಾರೆ. ಮರದಲ್ಲಿ ಉಗುರಿನಷ್ಟು ವ್ಯತ್ಯಾಸ ಇದ್ರೂ ಕಾಣುತ್ತೆ ಅವರಿಗೆ. ಇಷ್ಟು ವರ್ಷ ಎದುರಿಗೇ ಕೂತು ಉಂಡಿದ್ದಾರೆ, ನಾನು ಯಾವ ಕೈಯಲ್ಲಿ ಬಡಿಸ್ತೀನಿ ಅಂತ ಕಂಡಿಲ್ಲ.”

“ನೀವು ಹೇಳ್ಬಹುದಿತ್ತು.”

“ಯಾರೂ ಕೇಳಲಿಲ್ಲ,” ಎಂದರು ಅತ್ತೆ. “ನಾನೂ ಹೇಳಲಿಲ್ಲ.”

ಅವರು ಇನ್ನೊಂದು ಕಾಯಿ ಬಿಡಿಸಿದರು; ಬಟಾಣಿಗಳು ಸದ್ದು ಮಾಡುತ್ತ ಬಟ್ಟಲಿಗೆ ಬಿದ್ದವು.

“ನೀನು ಹೇಳ್ತೀಯಾ?” ಅತ್ತೆ ಕೇಳಿದರು, ತಲೆಯೆತ್ತದೆ. “ಹೇಳಿದ್ರೆ ಅವರು ಒಂದೇ ದಿನದಲ್ಲಿ ಬಲಗಡೆನೂ ಸವೆಸಿಬಿಡ್ತಾರೆ. ಮೇಜು ಹೋಗುತ್ತೆ, ನಿನ್ನ ಕೋಣೆ ಬರುತ್ತೆ. ಹೇಳು ಅಂತಾನೂ ಅನ್ನಲ್ಲ, ಬೇಡ ಅಂತಾನೂ ಅನ್ನಲ್ಲ. ಕೂದಲಲ್ಲಿ ಹೊಟ್ಟು ಇಟ್ಕೊಂಡು ಏಳೋಳು ನೀನು.”

ಸೊಸೆ ಆ ವಾರವೆಲ್ಲ ಅದನ್ನು ಹೊತ್ತುಕೊಂಡೇ ತಿರುಗಿದಳು. ಬಟ್ಟೆ ಒಗೆಯುವಾಗ ಹೇಳಿಬಿಡೋಣ ಎನ್ನಿಸುತ್ತಿತ್ತು; ಒಣಹಾಕುವಾಗ ಬೇಡ ಎನ್ನಿಸುತ್ತಿತ್ತು. ಮಾಳಿಗೆಯ ಕೋಣೆಗೆ ಹತ್ತಿ ಹೋಗಿ, ಸೋರಿ ಕಲೆಯಾದ ನೆಲದ ಮೇಲೆ ನಿಂತು, ಮಂಚ ಎಲ್ಲಿಡಬಹುದೆಂದು ಅಂದಾಜು ಹಾಕುವಳು. ಚಾವಣಿಯ ಬಿರುಕಿನಿಂದ ಆಕಾಶ ದಾರದ ಹಾಗೆ ಕಾಣುತ್ತಿತ್ತು. ಕೆಳಗೆ ಬಂದರೆ ಅತ್ತೆ ಬಟ್ಟೆ ಹಾಸುತ್ತಿರುವರು, ಎಡಗೈಯಿಂದ ಸುಕ್ಕು ನೀವುತ್ತ.

ಪರೀಕ್ಷಕಿ ಬರುವ ಹಿಂದಿನ ದಿನ ಊಟದ ಹೊತ್ತಿಗೆ ಮಾವ ಬಟ್ಟೆ ತೆಗೆದು, ಮೇಜಿನ ಸುತ್ತ ಬಗ್ಗಿ ಬಗ್ಗಿ ಬಂದರು. ಆಮೇಲೆ ಸೊಸೆಯನ್ನು ಕರೆದರು.

“ನಿಂದು ಹೊಸ ಕಣ್ಣು. ನಮಗೆಲ್ಲ ನೋಡಿ ನೋಡಿ ರೂಢಿಯಾಗಿದೆ. ಎಲ್ಲಾದ್ರೂ ತಪ್ಪಿದೆಯಾ ನೋಡಮ್ಮ.”

ಗಂಡ ಚಮಚ ಹಿಡಿದು ಕಾಯುತ್ತಿದ್ದ. ನಾದಿನಿ ನೀರು ಸುರಿಯುತ್ತಿದ್ದಳು. ಅತ್ತೆ ತಟ್ಟೆ ಒರೆಸುತ್ತ ಒಲೆಯ ಕಡೆ ಮುಖ ಮಾಡಿ ನಿಂತಿದ್ದರು. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದರು.

ಸೊಸೆ ಬಗ್ಗಿದಳು. ಅಂಚಿನ ಮೇಲೆ, ಎಡದಿಂದ ಬಲಕ್ಕೆ, ನಿಧಾನವಾಗಿ ಬೆರಳಾಡಿಸಿದಳು. ತಗ್ಗು ಬಂತು, ಹೋಯಿತು.

“ಎಲ್ಲಾ ಸರಿ ಇದೆ, ಮಾವ,” ಎಂದಳು.

*

ಪರೀಕ್ಷಕಿ ನಡುವಯಸ್ಸಿನ ಹೆಂಗಸು, ಮಾತು ಕಡಿಮೆ, ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದಳು. ಉಸ್ಸಪ್ಪ ಜೊತೆಗಿದ್ದ; ಆ ದಿನ ಕೂತಾಗ ಉಸ್ಸಪ್ಪಾ ಎನ್ನುವುದನ್ನೂ ಮರೆತಿದ್ದ.

ಅವಳು ಮೊದಲು ಮೇಜಿನ ಮೇಲ್ಮೈ ನೋಡಲೇ ಇಲ್ಲ. ಡ್ರಾಯರನ್ನು ಪೂರ್ತಿ ಹೊರಗೆಳೆದು, ಮೂಸಿದಳು. ಒಳಮೂಲೆಯಲ್ಲಿ ಹಲಗೆಗಳು ಬೆರಳಿಗೆ ಬೆರಳು ಕೋದ ಹಾಗೆ ಕೂಡಿದ್ದಲ್ಲಿ ಉಗುರು ಓಡಿಸಿದಳು. ಹಲ್ಲುಗಳು ಒಂದರ ಹಾಗೆ ಒಂದಿರಲಿಲ್ಲ, ಕೈಕೆಲಸವೇ ಎಂದು ತಲೆಯಾಡಿಸಿದಳು. ಮೇಜು ಬೋರಲು ಹಾಕಿಸಿ, ಟಾರ್ಚು ಬಿಟ್ಟು ಗರಗಸದ ಗೆರೆಗಳನ್ನು ನೋಡಿದಳು. ಯಂತ್ರದ ಗೆರೆ ಬಾಗಿರುತ್ತದೆ, ಕೈಯ ಗೆರೆ ನೆಟ್ಟಗೆ, ಆದರೆ ಒಂದಕ್ಕೊಂದು ಹೊಂದದೆ. ಇವು ಹೊಂದಿರಲಿಲ್ಲ. ಮೇಜು ಮತ್ತೆ ನೆಟ್ಟಗೆ ನಿಂತ ಮೇಲೆ ಟೇಪು ಹಿಡಿದು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆದಳು. ಮಾವನ ಮುಖದಲ್ಲಿ ಬಿಸಿಲು ಬಿದ್ದಿತ್ತು.

“ಒಂದು ಕುರ್ಚಿ ಕೊಡ್ತೀರಾ?” ಎಂದಳು.

ಡ್ರಾಯರಿನ ಮುಂದೆ ಅತ್ತೆಯ ಜಾಗದಲ್ಲಿ ಕೂತು ಕಣ್ಣು ಮುಚ್ಚಿದಳು. ಬಲ ಮುಂಗೈಯನ್ನು ಅಂಚಿನ ಮೇಲಿಟ್ಟಳು. ತೆಗೆದಳು. ಎಡ ಮುಂಗೈ ಇಟ್ಟಳು. ಅದು ತಾನಾಗಿ ಹೋಗಿ ತಗ್ಗಿನಲ್ಲಿ ಮಲಗಿತು. ಅವಳು ಬಹಳ ಹೊತ್ತು ಏಳಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿತು, ಯಾರೂ ಇಳಿಸಲಿಲ್ಲ.

“ಈಕೆಯನ್ನ ನಾನು ಮೊದಲೇ ನೋಡಿದ್ದೀನಿ,” ಎಂದಳು ಕಣ್ಣು ತೆರೆದು. “ಬೇರೆ ಬೇರೆ ಮನೆಗಳಲ್ಲಿ. ಒಂದು ಕೈಕುರ್ಚಿಯಲ್ಲಿ, ಒಂದು ಬರೆಯುವ ಮೇಜಲ್ಲಿ. ಪ್ರತಿ ಸಲ ಬೇರೆ ಕಾಲ ಹೇಳಿದ್ರು. ಯಾರಿರಬಹುದು ಅಂತ ಎಷ್ಟೋ ದಿನ ಯೋಚನೆ ಮಾಡಿದ್ದೆ.” ಆಮೇಲೆ ಮಾವನ ಕಡೆ ತಿರುಗಿದಳು. “ಇದು ಹಳೇದಾ?”

ಉಸ್ಸಪ್ಪ ಬಾಯಿ ತೆರೆದ. ಮಾವ ಕೈಯೆತ್ತಿ ಅವನನ್ನು ತಡೆದರು. ಅವರು ನೋಡುತ್ತಿದ್ದುದು ಪರೀಕ್ಷಕಿಯನ್ನಲ್ಲ. ಒಲೆಯ ಬಳಿ ಅತ್ತೆ ಹಾಲಿನ ಪಾತ್ರೆ ಇಳಿಸುತ್ತಿದ್ದರು. ಇಕ್ಕಳ ಎಡಗೈಯಲ್ಲಿತ್ತು.

“ಮರ ಹಳೇದು,” ಎಂದರು ಮಾವ ಕೊನೆಗೆ. “ಮೇಜು ನಾನು ಮಾಡಿದ್ದು. ನನ್ನ ಮಗಳು ಆಗ ಲಂಗ ಹಾಕ್ತಿದ್ಲು.” ಆಮೇಲೆ ಸೇರಿಸಿದರು, “ಆ ಕೈ ನನ್ನ ಹೆಂಡತೀದು.”

ಪರೀಕ್ಷಕಿ ಎದ್ದು ನಿಂತಳು. ಅತ್ತೆಯ ಹತ್ತಿರ ಹೋಗಿ ಅವರ ಕೈ ನೋಡಿ ನಕ್ಕಳು. “ಹಾಲು ಆರೋದ್ರೊಳಗೆ ಕೊಟ್ರೆ ಕಾಫಿ ಕುಡಿದೇ ಹೋಗ್ತೀನಿ,” ಎಂದಳು.

ಉಸ್ಸಪ್ಪ ಕಾಫಿ ಕುಡಿಯಲಿಲ್ಲ. ಮತ್ತೆ ಆ ಮನೆಗೆ ಬರಲೂ ಇಲ್ಲ.

*

ಆಮೇಲಿನ ವಾರಗಳಲ್ಲಿ ಕೈ ಬಿಗಿಯಾಗಿತ್ತು. ಮಾವ ಅಕ್ಕಪಕ್ಕದವರ ಕಿಟಕಿ ಚೌಕಟ್ಟು, ಅಡುಗೆಮನೆಯ ಹಲಗೆ, ಶಾಲೆಯ ಬೆಂಚು ಮಾಡಿದರು. ಹೊಸತೆಂದೇ ಹೇಳಿ ಕೊಟ್ಟರು. ಗಂಡ ಬಣ್ಣದ ಗುತ್ತಿಗೆ ಹುಡುಕಿಕೊಂಡು ಹೊರಗೆ ಹೋಗತೊಡಗಿದ. ಹೆಂಚಿನ ಮಾತು ಅವನ ಬಾಯಲ್ಲಿ ಮತ್ತೆ ಬರಲಿಲ್ಲ. ನಾದಿನಿ ತನ್ನ ಸಂಬಳ ತಂದು ಡ್ರಾಯರಿನಲ್ಲಿಟ್ಟು, “ಅಸಲಿ ನೋಟು, ಬೇಕಾದ್ರೆ ಮೂಸಿ ನೋಡು, ಅಪ್ಪ,” ಎಂದಳು.

ಬಟ್ಟೆ ಮಾತ್ರ ಮಾಯವಾಯಿತು. ಅತ್ತೆ ತಮ್ಮ ಜಾಗದಲ್ಲಿ ಕೂರುವರು, ಮಾವ ಎದುರಿಗೆ. “ಉಪ್ಪು ಕೊಡು,” ಎನ್ನುವರು ನೇರವಾಗಿ. ಉಪ್ಪು ಬಂದ ಮೇಲೂ ಆ ಕೈಯನ್ನೇ ನೋಡುತ್ತ ಕೂರುವರು.

“ಅನ್ನ ಆರುತ್ತೆ,” ಎಂದರು ಅತ್ತೆ ಒಮ್ಮೆ. “ಕೈ ಇಲ್ಲೇ ಇರುತ್ತೆ.”

ಒಂದು ಭಾನುವಾರ ಬೆಳಿಗ್ಗೆ ಮಾಳಿಗೆಯ ಮೇಲೆ ಸುತ್ತಿಗೆಯ ಸದ್ದು. ಸೊಸೆ ಹತ್ತಿ ಹೋದಳು. ಮಾವ ಸೋರುವ ಕೋಣೆಯಲ್ಲಿ ಮೊಣಕಾಲೂರಿ ಕೂತಿದ್ದರು, ಸುತ್ತಲೂ ಬಿಳಿ ಬಿಳಿ ಹೊಸ ಹಲಗೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ದೊಡ್ಡ ಚೌಕ. ಅದರ ಹೊರಗೆ, ಚಾವಣಿಯ ಬಿರುಕಿನ ನೇರ ಕೆಳಗೆ, ಒಂದು ಚಿಕ್ಕ ವೃತ್ತ.

“ಅಲ್ಲಿ ಬಕೆಟ್ಟು,” ಎಂದರು ತಲೆಯೆತ್ತದೆ. “ಹೆಂಚಿಗೆ ಈ ವರ್ಷ ಆಗಲ್ಲ. ನೀರು ಬೀಳೋ ಜಾಗ ಬಿಟ್ಟು ಮಂಚ ಹಾಕ್ತಿದ್ದೀನಿ.”

“ಇಷ್ಟು ದೊಡ್ಡದಾ, ಮಾವ? ಬಾಗಿಲಲ್ಲಿ ಹೇಗೆ ಬರುತ್ತೆ?”

“ಹಲಗೆ ಒಂದೊಂದಾಗಿ ಬಂತು. ಇಲ್ಲೇ ಕೂಡಿಸ್ತೀನಿ. ಬಿಚ್ಚೋಕೆ ಬರದ ಹಾಗೆ ಅಂಟು ಹಾಕ್ತೀನಿ.” ಕೀಸುಳಿಯನ್ನು ಒಮ್ಮೆ ಎಳೆದರು, ಸುರುಳಿ ಎದ್ದು ಅವಳ ಕಾಲ ಬಳಿ ಬಂದು ಬಿತ್ತು. “ಹೊರಗೆ ಹೋಗಬೇಕಾದ್ರೆ ಮನೆ ಕೆಡವಬೇಕು.”

ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಬಿರುಕಿನಿಂದ ಇಳಿದ ದಾರದಂಥ ಬೆಳಕಿನಲ್ಲಿ ಮರದ ಹೊಟ್ಟು ತೇಲುತ್ತಿತ್ತು.

“ಆ ದಿನ ನಿನ್ನ ಕೇಳಿದ್ದೆ,” ಎಂದರು ಮಾವ. “ಎಲ್ಲಾದ್ರೂ ತಪ್ಪಿದೆಯಾ ಅಂತ.”

“ಕೇಳಿದ್ರಿ.”

“ನಿಂಗೆ ಗೊತ್ತಿತ್ತು.”

“ಗೊತ್ತಿತ್ತು, ಮಾವ.”

ಅವರು ಕೀಸುಳಿಯನ್ನು ಮಗುಚಿ, ಅಲಗಿನಲ್ಲಿ ಸಿಕ್ಕಿದ ಹೊಟ್ಟನ್ನು ಊದಿದರು.

“ಈ ಕಾಲು ಹಿಡ್ಕೋ,” ಎಂದರು. “ಅಲ್ಲಾಡಿಸ್ಬೇಡ.”

ಅವಳು ಮೊಣಕಾಲೂರಿ ಮಂಚದ ಕಾಲನ್ನು ಎರಡೂ ಕೈಯಲ್ಲಿ ಹಿಡಿದಳು. ಇನ್ನೂ ಯಾರೂ ಮುಟ್ಟದ ಮರ. ಅಂಚು ಚೂಪಾಗಿತ್ತು, ಅಂಗೈಗೆ ಒತ್ತಿತು. ಅವಳು ಹಿಡಿತ ಸಡಿಲಿಸಲಿಲ್ಲ. ಕೆಳಗಿನಿಂದ ಬಟಾಣಿ ಬಟ್ಟಲಿಗೆ ಬೀಳುವ ಸದ್ದು ಕೇಳುತ್ತಿತ್ತು.